ಕನ್ನಡ ಕಪಾಟಿನ ಬೆಕ್ಕು

ಆ ಬೆಕ್ಕಿನದು ಬೂದಿ ಬಣ್ಣ ಎಂದು ಬರೆಯಲು ಹೊರಟರೆ ಭಾಲ್ಕಿಯ ನನ್ನ ಅಕ್ಕ ನಗುತ್ತಾಳೆ. ಮೈಯೆಲ್ಲ ಬಿಳುಪು, ಬಾಲ ಮಾತ್ರ ಕರಿ ಎಂಬುದು ಅವಳ ವಾದ. ಅವಳು ಅದನ್ನು ನೋಡಿದ್ದು ಒಂದೇ ಒಂದು ಸಂಜೆ, ಕಂದೀಲಿನ ಬೆಳಕಿನಲ್ಲಿ. ನಾನು ನೋಡಿದ್ದು ವರ್ಷಗಟ್ಟಲೆ, ಹಾಡಹಗಲು. ಆದರೂ ಅವಳ ದನಿಯಲ್ಲಿರುವ ಗಟ್ಟಿತನ ನನ್ನ ದನಿಯಲ್ಲಿಲ್ಲ. ಕಾಲೇಜಿನಲ್ಲಿ ಎಲ್ಲವನ್ನೂ ಅನುಮಾನಿಸಲು ಕಲಿತೆ. ದೇವರು, ಗುರುಗಳು, ಇತಿಹಾಸ ಎಲ್ಲ ಮುಗಿದ ಮೇಲೆ ಆ ಚಟ ನನ್ನ ತಲೆಯೊಳಗೇ ತಿರುಗಿ ನೋಡತೊಡಗಿತು. ಬಣ್ಣದ ವಿಚಾರ ಓದುಗರಿಗೆ ಬಿಟ್ಟಿದ್ದು. ಆ ಬೆಕ್ಕನ್ನು ಆರಾಧಿಸಿದ ಮಂದಿಯ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ. ಅವರು ಮೂರ್ಖರು.

ಆಗ ನಮ್ಮದು ನಿಜಾಮರ ರಾಜ್ಯ. ಬೀದರದಲ್ಲಿ ಚೌಬಾರಾದಿಂದ ಮದರಸಾ ಕಡೆ ಹೋಗುವ ಬೀದಿಯಲ್ಲಿ ಒಂದು ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಊರಿನ ವಾಚನಾಲಯವಿತ್ತು. ಮೇಜಿನ ಮೇಲೆ ಉರ್ದು ಪತ್ರಿಕೆಗಳು, ಗೋಡೆಯ ಗೂಡುಗಳಲ್ಲಿ ಉರ್ದು, ಫಾರಸಿ ಪುಸ್ತಕಗಳು, ಮೂಲೆಯಲ್ಲಿ ತೇಗದ ಒಂದು ಕಪಾಟು. ಕನ್ನಡಕ್ಕೆ ಆ ಊರಿನಲ್ಲಿ ಇದ್ದ ಜಾಗ ಅದೊಂದೇ. ಸಾಲಿಯಲ್ಲಿ ಉರ್ದು, ಕಚೇರಿಯಲ್ಲಿ ಉರ್ದು. ಕನ್ನಡವೇನಿದ್ದರೂ ಅಡಿಗೆಮನೆಯಲ್ಲಿ ಮತ್ತು ಎತ್ತಿಗೆ ಬೈಯುವಾಗ.

ಕಪಾಟಿನ ಪುಸ್ತಕಗಳನ್ನು ನಾನೇ ಕೂಡಿಸಿದ್ದು. ಬಿ.ಎ. ಮುಗಿಸಿ ಬಂದವನಿಗೆ ನೌಕರಿ ಸಿಕ್ಕಿರಲಿಲ್ಲ, ಒಂದು ಕಡೆ ಕೂಡುವ ಸ್ವಭಾವವೂ ಇರಲಿಲ್ಲ. ಭಾಲ್ಕಿ, ಔರಾದ ಕಡೆಯ ಊರುಗಳಲ್ಲಿ ಮನೆಮನೆ ತಿರುಗಿ ಬೇಡಿದೆ. ಔರಾದದ ಒಬ್ಬ ಮುದುಕರು ಪುಸ್ತಕಕ್ಕೆ ಕೈಮುಗಿದು, ಕಣ್ಣಿಗೆ ಒತ್ತಿಕೊಂಡು ನನ್ನ ಕೈಗೆ ಕೊಟ್ಟರು. ನಾನು ಅಗಸಿ ದಾಟುವುದರೊಳಗೆ ಹಿಂದಿನಿಂದ ಓಡಿ ಬಂದು ವಾಪಸು ಇಸಿದುಕೊಂಡರು. ಹೀಗೆ ಉಳಿದದ್ದು, ಗೆದ್ದಲು ಬಿಟ್ಟದ್ದು, ಯಾರಿಗೂ ಬೇಡವಾದದ್ದು ಎಲ್ಲ ಸೇರಿ ಒಂದು ಕಪಾಟು ತುಂಬಿತು. ವಾಚನಾಲಯಕ್ಕೆ ಜಿಲ್ಲೆಯನ್ನು ಆಳುವ ತಾಲೂಕದಾರ ಸಾಹೇಬರ ಕಚೇರಿಯಿಂದ ಇಜಾಜತ್ ಇತ್ತು, ಅಂದರೆ ಪರವಾನಗಿ. ಆದರೆ ಓದಲಿಕ್ಕೆ ಮಾತ್ರ. ಭಾಷಣ ಕೂಡದು, ಹಾಡು ಕೂಡದು, ಜಲಸಾ ಕೂಡದು. ನಾಲ್ಕು ಮಂದಿ ಕೂತು ಒಬ್ಬ ಎದ್ದು ನಿಂತರೆ ಅದು ಸಭೆ, ಅವರ ಮಾತಿನಲ್ಲಿ ಜಲಸಾ. ಜಲಸಾ ಆದರೆ ಬೀಗ.

ಆ ಕಪಾಟಿಗೆ ಬೀಗ ಬಿದ್ದರೆ ಕಳೆದುಕೊಳ್ಳುವವಳು ಅಕ್ಕ. ಅಜ್ಜ ಅವಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸಿದ್ದ. ಭಾಲ್ಕಿಯ ಅವಳ ಗಂಡನ ಮನೆಯಲ್ಲಿ ಪಂಚಾಂಗ ಬಿಟ್ಟರೆ ಅಚ್ಚಾದ ಹಾಳೆ ಇರಲಿಲ್ಲ. ಹೊಸದಾಗಿ ಬಂದ ರೈಲಿನಲ್ಲಿ ನಾನು ಒಂದು ಪುಸ್ತಕ ಒಯ್ಯುವುದು, ಹಳೆಯದನ್ನು ತರುವುದು. ಅವಳು ಒಲೆಯ ಮುಂದೆ ರೊಟ್ಟಿ ಬೇಯುವ ನಡುವೆ ಓದುತ್ತಿದ್ದಳು. ಅತ್ತೆ ಅದನ್ನು ಪುರಾಣ ಎಂದುಕೊಂಡು ಸುಮ್ಮನಿದ್ದರು. ನಿಜ ಹೇಳಬೇಕೆಂದರೆ ಆ ಇಡೀ ಕಪಾಟನ್ನು ಓದುತ್ತಿದ್ದವಳು ಅವಳೊಬ್ಬಳೇ, ಅದೂ ಬೇರೆ ಊರಿನಲ್ಲಿ.

ಬೀದರದ ವಾಚನಾಲಯಕ್ಕೆ ಬರುತ್ತಿದ್ದವರು ಬೆಕ್ಕಿನ ಭಕ್ತರು. ಅವರಲ್ಲಿ ಮೂವರು ಮುಖ್ಯರು. ಒಬ್ಬರು ವಕೀಲ ಸಾಹೇಬರು, ಶೆರವಾನಿಯ ಗುಂಡಿ ಕುತ್ತಿಗೆತನಕ ಹಾಕಿದವರು. ಇನ್ನೊಬ್ಬರು ಕೆಳಗಿನ ಅಂಗಡಿಯ ಸಾವಕಾರರು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಮೂರನೆಯವರು ನೌಕರಿಯಿಂದ ನಿವೃತ್ತರಾದ ಮಾಸ್ತರು. ಮೂವರೂ ದಿನಾಲು ಬಂದು ಮೇಜಿನ ಸುತ್ತ ಕೂತು ಬೆಕ್ಕಿನ ಮುಖ ನೋಡುತ್ತಿದ್ದರು. ವಕೀಲರು ಅದನ್ನು ಬೇಗಂ ಎಂದು, ಸಾವಕಾರರು ಗೌರವ್ವ ಎಂದು, ಮಾಸ್ತರು ವಿದ್ಯಾವತಿ ಎಂದು ಕರೆಯುತ್ತಿದ್ದರು. ಅದು ಯಾವುದಕ್ಕೂ ಓಗೊಡುತ್ತಿರಲಿಲ್ಲ. ಅದರಲ್ಲಿ ನನಗೆ ಮೆಚ್ಚುಗೆಯಾದ ಒಂದೇ ಗುಣ ಅದು. ನಾನು ಬೆಕ್ಕು ಎನ್ನುತ್ತಿದ್ದೆ.

ವಕೀಲರು ಕಾಗದದಲ್ಲಿ ಖೀಮಾ ಕಟ್ಟಿಸಿಕೊಂಡು ತರುತ್ತಿದ್ದರು. ಅದನ್ನು ಬಿಚ್ಚುವಾಗ ಒಮ್ಮೆ ಕೆಮ್ಮುತ್ತಿದ್ದರು. ಕೆಮ್ಮು ಕೇಳಿದ ಕೂಡಲೇ ಸಾವಕಾರರು ಕುರ್ಚಿ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದರು. ಬೆಕ್ಕು ತಿಂದು ಮುಗಿಸಿ ಮುಖ ಒರೆಸಿಕೊಂಡ ಮೇಲೆ ವಕೀಲರು ಇನ್ನೊಮ್ಮೆ ಕೆಮ್ಮುವರು. ಸಾವಕಾರರು ಈ ಕಡೆ ತಿರುಗಿ, ತಾವು ತಂದ ಹಾಲಿನ ಬಟ್ಟಲು ಮುಂದಿಟ್ಟು, "ನಮ್ಮ ಗೌರವ್ವ ಹಾಲಿನ ಮ್ಯಾಲೇ ಜೀವಾ ಹಿಡದಾಳ ನೋಡ್ರಿ" ಎನ್ನುವರು. ಮಾಸ್ತರು ಹೌದೌದು ಎಂದು ತಲೆಯಾಡಿಸುವರು. ಬೆಕ್ಕು ಪತ್ರಿಕೆಯ ಮೇಲೆ ಮಲಗಿದರೆ ಯಾರೂ ಪತ್ರಿಕೆ ಎಳೆಯುವಂತಿಲ್ಲ. ಹೈದರಾಬಾದಿನ ಸುದ್ದಿ ಅದರ ಹೊಟ್ಟೆಯ ಕೆಳಗೆ ಸಂಜೆಯತನಕ ಬೆಚ್ಚಗೆ ಇರುತ್ತಿತ್ತು.

ಒಂದು ದಿನ ನಾನು ಅಕ್ಕನಿಗೆ ಪುಸ್ತಕ ತೆಗೆಯಲು ಹೋದರೆ ಕಪಾಟಿನ ಮುಂದೆ ಮೂವರೂ ಕಾವಲು ನಿಂತಿದ್ದರು. ಬಾಗಿಲ ಚಿಲಕ ಸಡಿಲವಿತ್ತು. ಬೆಕ್ಕು ಒಳಗೆ ಹೋಗಿ ಕೆಳಗಿನ ಅರೆಯಲ್ಲಿ ಮರಿ ಹಾಕಿತ್ತು.

"ಬೀಯೇ ಸಾಹೇಬ್ರ, ಕೈ ಹಚ್ಚಬ್ಯಾಡ್ರಿ," ಎಂದರು ಸಾವಕಾರರು. ಓದಿದ ತಪ್ಪಿಗೆ ನನಗೆ ಆ ಹೆಸರು ಬಿದ್ದಿತ್ತು. "ಮನುಷ್ಯಾರ ವಾಸನಿ ಬಡದ್ರ ತಾಯಿ ಬಿಟ್ಟು ಹೋಗ್ತದ."

"ನನಗ ಮ್ಯಾಲಿನ ಅರಿ ಪುಸ್ತಕ ಬೇಕ್ರಿ. ಕೆಳಗ ಕೈ ಹಾಕಂಗಿಲ್ಲ."

"ಏಳು ಮನಿ ತಿರಗೋತನಕ ತಡೀರಿ. ಇದು ಈಗ ಒಂದನೇ ಮನಿ."

"ಇದು ಮನಿ ಅಲ್ರಿ. ಕಪಾಟು."

"ಅದನ್ನ ಬೆಕ್ಕಿಗಿ ಹೇಳ್ರಿ," ಎಂದು ವಕೀಲರು ನಕ್ಕರು. "ಬೀಯೇ ಮಾಡೀರಿ, ಬಾಣಂತಿ ಖೋಲಿಗಿ ಗಂಡಸು ಹೋಗಬಾರದಂತ ಕಲಿಸಿಲ್ಲೇನು ಅಲ್ಲಿ?"

ತಾಯಿ ಬೆಕ್ಕು ಮರಿಗಳನ್ನು ಏಳು ಜಾಗ ಬದಲಿಸುತ್ತದೆ, ಏಳು ಮುಗಿಯುವವರೆಗೆ ಯಾರೂ ತಡೆಯಬಾರದು ಎಂಬುದು ನಮ್ಮ ಕಡೆಯ ಎಲ್ಲ ಮನೆಗಳಲ್ಲಿ ಇರುವ ನಂಬಿಕೆ. ಏಳೇ ಏಕೆ ಎಂದು ಯಾರೂ ಕೇಳಿಲ್ಲ. ಎಣಿಸಿದವರೂ ಇಲ್ಲ. ಇಲ್ಲಿ ಮಾತ್ರ ಮೂವರು ದೊಡ್ಡ ಮನುಷ್ಯರು ಕೆಲಸ ಬಿಟ್ಟು ಎಣಿಸಲು ಕೂತರು. ಎರಡನೇ ಮನೆ ರದ್ದಿ ಪತ್ರಿಕೆಗಳ ಗುಡ್ಡೆ, ಮೂರನೆಯದು ಮುರಿದ ಕುರ್ಚಿಯ ಕೆಳಗೆ. ನಾಲ್ಕಕ್ಕೆ ಮತ್ತೆ ಕಪಾಟಿಗೇ ಬಂತು. ಹಳೇ ಮನೆಗೆ ವಾಪಸು ಬಂದರೆ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಅವರು ಒಂದು ವಾರ ಜಗಳವಾಡಿದರು. ಆ ವಾರ ಅಕ್ಕನಿಗೆ ಪುಸ್ತಕ ಹೋಗಲಿಲ್ಲ. ಹಿಂದಿನ ಸಲದ್ದನ್ನೇ ಮತ್ತೆ ಓದುತ್ತೇನೆ ಎಂದು ಅವಳು ಹೇಳಿ ಕಳಿಸಿದಳು.

ಹಿಂದಿನ ವರ್ಷದ ಮರಿಗಳನ್ನು ಒಂದು ಗಂಡುಬೆಕ್ಕು ತಿಂದು ಹಾಕಿತ್ತು. ಈ ಸಲ ಉಳಿದರೆ ತೊಟ್ಟಿಲು ಕಟ್ಟುತ್ತೇನೆ ಎಂದು ಸಾವಕಾರರು ಹರಕೆ ಹೊತ್ತಿದ್ದರಂತೆ. ಏಳನೇ ಮನೆ ಮುಗಿಯಿತು, ಮರಿಗಳು ಉಳಿದವು. ಒಂದು ಸೋಮವಾರ ನಾನು ಮಾಳಿಗೆ ಹತ್ತಿ ಬಂದರೆ ತೊಲೆಗೆ ನಿಜವಾದ ತೊಟ್ಟಿಲು ತೂಗುತ್ತಿತ್ತು. ಹೆಂಗಸರು ಎಂದೂ ಕಾಲಿಡದ ಆ ಕೋಣೆಯಲ್ಲಿ ಸಾವಕಾರರ ಹೆಂಡತಿ, ಅವರ ಓಣಿಯ ಹೆಂಗಸರು ಸಾಲಾಗಿ ಕೂತಿದ್ದರು. ದೊಡ್ಡ ಹರಿವಾಣದಲ್ಲಿ ಗುಗ್ಗರಿ. ಮರಿಗಳಿಗೆ ಕುಂಚಿಗೆ ಹೊಲಿಸಿದ್ದರು. ಕನ್ನಡ ಪುಸ್ತಕಗಳು ಇರುವ ಕೋಣೆಗೆ ಕನ್ನಡ ಬಲ್ಲ ಇಷ್ಟು ಜನ ಬಂದದ್ದು ಅದೇ ಮೊದಲು. ಬಂದದ್ದು ಬೆಕ್ಕಿನ ಮರಿಗಳಿಗೆ ಜೋಗುಳ ಹಾಡಲು.

"ಹಾಡು ಬ್ಯಾಡ್ರಿ," ಎಂದೆ. "ಇಜಾಜತ್ ಇಲ್ಲ. ಬೀಗಾ ಬೀಳ್ತದ."

"ಜೋಗುಳಕ್ಕ ಯಾರ ಇಜಾಜತ್ರಿ?" ಎಂದರು ಸಾವಕಾರರ ಹೆಂಡತಿ. "ನಿಮ್ಮವ್ವ ನಿಮ್ಮನ್ನ ತೂಗುವಾಗ ತಾಲೂಕದಾರಗ ಕೇಳಿ ಹಾಡಿದ್ಳೇನು?"

ಎಲ್ಲರೂ ನಕ್ಕರು. ಹಾಡು ಶುರುವಾಯಿತು. ಹೆಂಗಸರ ದನಿ ಬೀದಿಗೆ ಇಳಿಯಿತು. ಎರಡನೇ ಹಾಡು ಮುಗಿಯುವ ಹೊತ್ತಿಗೆ ಪೊಲೀಸ್ ಅಮೀನ ಸಾಹೇಬರು ಇಬ್ಬರು ಜವಾನರೊಂದಿಗೆ ಮೆಟ್ಟಿಲು ಹತ್ತಿ ಬಂದರು. ತೊಟ್ಟಿಲಲ್ಲಿ ಬಗ್ಗಿ ನೋಡಿದರು. ಒಳಗಿದ್ದದ್ದು ಅವರಿಗೆ ಉಗುರು ತೋರಿಸಿತು. ಅಮೀನರು ಎಲ್ಲರನ್ನೂ ಕೆಳಗಿಳಿಸಿ ಬಾಗಿಲು ಹಾಕಿಸಿ ಬೀಗಕ್ಕೆ ಅರಗಿನ ಮೊಹರು ಒತ್ತಿದರು. ಕಪಾಟು ಒಳಗೆ ಉಳಿಯಿತು. ಬೆಕ್ಕು ಮತ್ತು ಮರಿಗಳು ಸಾವಕಾರರ ಹೆಂಡತಿಯ ಸೆರಗಿನಲ್ಲಿ ಸುಖವಾಗಿ ಹೊರಗೆ ಬಂದವು.

ಮಾರನೆಯ ದಿನ ವಕೀಲರು, ಸಾವಕಾರರು, ನಾನು ದೋಯಂ ತಾಲೂಕದಾರ ಸಾಹೇಬರ ಮುಂದೆ ನಿಂತಿದ್ದೆವು. ಅವರು ತಾಲೂಕದಾರರ ಕೈಕೆಳಗಿನ ಅಧಿಕಾರಿ, ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವರು. ಉರ್ದುವಿನಲ್ಲಿ ಕೇಳಿದರು: ವಕೀಲ, ವ್ಯಾಪಾರಿ, ಮಾಸ್ತರು, ಹೆಂಗಸರು, ಕನ್ನಡ ಹಾಡು. ಇಷ್ಟೆಲ್ಲ ಯಾತಕ್ಕೆ ಕೂಡಿತ್ತು? ವಕೀಲರು ಕಾನೂನು ಹೇಳಲು ಹೋಗಿ ಜಲಸಾ ಎಂಬ ಮಾತನ್ನು ತಾವೇ ಎಳೆದುಕೊಂಡರು. ಸಾವಕಾರರು ಕೈಮುಗಿದು, "ಬಿಲ್ಲಿ ಕೆ ವಾಸ್ತೆ, ಹುಜೂರ್" ಎಂದರು, ಬೆಕ್ಕಿನ ಸಲುವಾಗಿ ಎಂದು. ಸಾಹೇಬರ ಮುಖ ಕೆಂಪಾಯಿತು. ನನ್ನನ್ನು ನೋಡಿ, "ನೀವು ಬಿ.ಎ. ಅಂತೆ. ನನ್ನನ್ನು ಹುಚ್ಚ ಅಂದುಕೊಂಡಿದ್ದಾರಾ ಇವರು?" ಎಂದು ಕೇಳಿದರು.

ಒಳಗೆ ವರ್ಷಗಳಿಂದ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ಹುಚ್ಚರು ಇವರೇ ಹುಜೂರ್ ಎಂದೆ. ಬೆಕ್ಕಿನ ಮೂರು ಹೆಸರುಗಳನ್ನು ಹೇಳಿದೆ. ಖೀಮಾ, ಕೆಮ್ಮು, ಗೋಡೆಯ ಕಡೆ ತಿರುಗುವ ಕುರ್ಚಿ, ನಾಲ್ಕನೇ ಮನೆಯ ಜಗಳ, ಕುಂಚಿಗೆ ಹೊಲಿದ ದರ್ಜಿ, ಒಂದನ್ನೂ ಬಿಡಲಿಲ್ಲ. ಇಂಥವರು ಸರ್ಕಾರದ ವಿರುದ್ಧ ಒಂದು ಸಭೆ ಮಾಡುವಷ್ಟು ಗಂಭೀರರಾಗಿದ್ದರೆ ನಾನೇ ಮೊದಲು ಸಂತೋಷಪಡುತ್ತಿದ್ದೆ ಎಂದೂ ಅಂದೆನೇನೋ. ಬೆಕ್ಕು ಮಲಗಿದರೆ ಸರ್ಕಾರದ ಜರೀದಾ ಗೆಜೆಟ್ಟನ್ನು ಕೂಡ ಎಳೆಯುವುದಿಲ್ಲ ಎಂದಾಗ ಸಾಹೇಬರು ಲೇಖನಿ ಕೆಳಗಿಟ್ಟರು.

"ಜರೀದಾ ಮೇಲೂ ಮಲಗುತ್ತದಾ?"

"ಅದರ ಮೇಲೆಯೇ ನಿದ್ದೆ ಚೆನ್ನಾಗಿ ಹತ್ತುತ್ತದೆ, ಹುಜೂರ್."

ಸಾಹೇಬರು ನಕ್ಕರು. ಇಷ್ಟು ತಿರಸ್ಕಾರವನ್ನು ಯಾರೂ ಕಟ್ಟಿ ಹೇಳಲಾರರು ಎಂದು ಅವರಿಗೆ ಅನಿಸಿರಬೇಕು. ಮೊಹರು ತೆಗೆಯಲು ಹೇಳಿದರು. ಜೊತೆಗೆ ಒಂದು ಮಾತು: "ಮುಂದಿನ ತಿಂಗಳು ಬಂದು ನೋಡುತ್ತೇನೆ. ಓದುವ ಮಂದಿ ಇದ್ದರೆ ಕೋಣೆ ನಿಮ್ಮದು. ಖಾಲಿ ಇದ್ದರೆ ಅಬಕಾರಿಯವರು ಜಾಗ ಕೇಳುತ್ತಿದ್ದಾರೆ."

ಇಲ್ಲಿ ನನ್ನ ನೆನಪನ್ನು ನಾನೇ ಅಡ್ಡ ಪ್ರಶ್ನೆ ಮಾಡಬೇಕು. ನಾನು ಬಹಳ ಹೊತ್ತು, ಚೊಕ್ಕ ಉರ್ದುವಿನಲ್ಲಿ ಮಾತಾಡಿದಂತೆ ನನಗೆ ಕಾಣುತ್ತದೆ. ನಾನು ಎರಡೇ ಮಾತು ಆಡಿ ತಡವರಿಸಿದೆ, ಉಳಿದದ್ದನ್ನು ತಾವೇ ಸಂಭಾಳಿಸಿದ್ದು ಎಂದು ವಕೀಲರು ಕೊನೆಯವರೆಗೂ ಊರಿಗೆಲ್ಲ ಹೇಳಿದರು. ಇಬ್ಬರಲ್ಲಿ ಒಬ್ಬರದು ಸುಳ್ಳು. ಜರೀದಾ ವಿಷಯ ಮಾತ್ರ ನಾನೇ ಹೇಳಿದ್ದು, ಬೇರೆಯವರಿಗೆ ಅದು ಹೊಳೆಯುವುದು ಸಾಧ್ಯವಿಲ್ಲ.

ಕಚೇರಿಯಿಂದ ಹೊರಗೆ ಬಂದ ಕೂಡಲೇ ಆ ಇಬ್ಬರೂ ಕಂಗಾಲಾದರು. ವಾಚನಾಲಯದ ಚಿಂತೆಯಿಂದಲ್ಲ.

"ಸಾಹೇಬ್ರು ಬೆಕ್ಕಿನ ಬಗ್ಗೆ ಎಷ್ಟು ಕೇಳಿದ್ರು ನೋಡಿದ್ರ್ಯಾ?" ಎಂದರು ವಕೀಲರು. "ಹುಲಿಯಾ ಬರಕೊಂಡ್ರು, ಅದರ ಚಹರೆ ಗುರುತು ಎಲ್ಲಾ. ಬರೋ ತಿಂಗಳ ಬರೋದು ಅದಕ್ಕೇ."

"ಗೌರವ್ವನ್ನ ಹಿಡೀತಾರೇನ್ರಿ?" ಎಂದು ಸಾವಕಾರರು ನನ್ನ ತೋಳು ಹಿಡಿದರು.

ಬೆಕ್ಕಿನ ಮೇಲೆ ಸರ್ಕಾರ ವಾರಂಟು ಹೊರಡಿಸುವುದಿಲ್ಲ ಎಂದು ನಾನು ಹೇಳಿದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ಸಾವಕಾರರೇ ಹೆಮ್ಮೆಯಿಂದ ಹೇಳಿದ್ದು. ಹಾಲು ಬಿಟ್ಟ ಮರಿಗಳನ್ನು ಮೆಹಕರದ ಬೀಗರ ಮನೆಗೆ ಹಂಚಿದರು. ಬೆಕ್ಕನ್ನು ಚೀಲಕ್ಕೆ ಹಾಕಿ, ದಾರಿ ನೆನಪಾಗದಿರಲಿ ಎಂದು ನೌಬಾದದ ಹತ್ತಿರ ಚೀಲವನ್ನು ಗರಗರ ತಿರುಗಿಸಿದರು. ಔರಾದಕ್ಕೆ ನೇರ ಒಯ್ದರೆ ಅದು ವಾಸನೆ ಹಿಡಿದು ವಾಪಸು ಬಂದು ಸಿಕ್ಕಿಬಿದ್ದೀತು ಎಂದು ಮೊದಲು ರೈಲಿನಲ್ಲಿ ಭಾಲ್ಕಿಗೆ, ಅಲ್ಲಿಂದ ಮೋಟಾರಿನಲ್ಲಿ ಔರಾದಕ್ಕೆ ಸಾಗಿಸಿದರು. ಅಲ್ಲಿ ಸಾವಕಾರರ ಮೈದುನನ ಅರಳೆ ಗೋದಾಮಿನಲ್ಲಿ ಅದು ತಲೆಮರೆಸಿಕೊಂಡಿತು. ದರೋಡೆಕೋರರಿಗೂ ಇಷ್ಟು ಮರ್ಯಾದೆ ಸಿಕ್ಕಿರಲಾರದು.

ವಾಚನಾಲಯ ತೆರೆಯಿತು. ನಾನು ಹೋಗಿ ಕೂತೆ. ಎಂಥ ಶಾಂತಿ! ಮೇಜಿನ ಮೇಲೆ ಪತ್ರಿಕೆ ಪೂರ್ತಿ ಕಾಣುತ್ತಿತ್ತು. ಕಪಾಟಿನಿಂದ ಪುಸ್ತಕ ತೆಗೆದು ಅಕ್ಕನಿಗೆ ಕೊಟ್ಟು ಬಂದೆ. ಎರಡನೇ ವಾರವೂ ಶಾಂತಿಯೇ. ಮೂರನೇ ವಾರಕ್ಕೆ ನನಗೆ ವಿಷಯ ತಿಳಿಯಿತು: ಆ ಕೋಣೆಗೆ ನನ್ನ ಹೊರತು ಒಬ್ಬ ಮನುಷ್ಯನೂ ಬರುತ್ತಿರಲಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು. ಮೂವರ ಮನೆಗೂ ಹೋಗಿ ಕರೆದೆ.

"ಬಂದು ಏನ್ ಮಾಡಬೇಕ್ರಿ ಅಲ್ಲಿ?" ಎಂದರು ಮಾಸ್ತರು. ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದ ಮನುಷ್ಯ. ಈ ಮಾತನ್ನು ಮನಸಾರೆ ಕೇಳಿದರು.

ಅಬಕಾರಿಯವರು ಆಗಲೇ ಒಂದು ಸಲ ಬಂದು ಕೋಣೆಯ ಅಳತೆ ತೆಗೆದುಕೊಂಡು ಹೋಗಿದ್ದರು. ನಾನು ಔರಾದಕ್ಕೆ ಹೊರಟೆ.

ಅಲ್ಲಿಯ ಗೋದಾಮಿನಲ್ಲಿ ಬೆಕ್ಕು ಅರಳೆಯ ಮೂಟೆಯ ಮೇಲೆ ಮಲಗಿತ್ತು. ಅದರ ಸುತ್ತ ಔರಾದದ ಐದಾರು ಮಂದಿ ಕೂತು ಮುಖ ನೋಡುತ್ತಿದ್ದರು. ಈ ರೋಗ ಗಾಳಿಯಲ್ಲಿ ಹರಡುತ್ತದೆ ಎಂದು ನನಗೆ ಅವತ್ತು ಖಾತ್ರಿಯಾಯಿತು. ಕಳಿಸಿಕೊಡಿ ಎಂದೆ. ಸಾವಕಾರರ ಮೈದುನ ಬೆಕ್ಕಿಗೂ ನನಗೂ ನಡುವೆ ಬಂದು ನಿಂತ.

"ವಾರಂಟು ಅದ ಅಂತಲ್ರಿ ಇದರ ಮ್ಯಾಲ?"

ವಾರಂಟು ಎಂದೂ ಇರಲಿಲ್ಲ ಎಂದು ಹೇಳಿದೆ. ಯಾರೂ ನಂಬಲಿಲ್ಲ. ತಿಳಿಸಿ ಹೇಳಿದೆ, ಬೈದೆ, ಕೊನೆಗೆ ಸಾಕಾಗಿ, "ರದ್ದಾಗ್ಯದ" ಎಂದೆ. ತಕ್ಷಣ ಎಲ್ಲರೂ ನಂಬಿದರು. ಒಬ್ಬ ಓಡಿ ಹೋಗಿ ಬುಟ್ಟಿ ತಂದ, ಇನ್ನೊಬ್ಬ ಅದರಲ್ಲಿ ಅರಳೆ ಹಾಸಿದ.

ಹೀಗೆ ಎಲ್ಲವನ್ನೂ ಅನುಮಾನಿಸಲು ಕಲಿತ ಪದವೀಧರ ಮಡಿಲಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಸರ್ವಿಸ್ ಮೋಟಾರಿನಲ್ಲಿ ಭಾಲ್ಕಿಗೆ ಬಂದ. ರೈಲು ಮಾರನೆಯ ದಿನಕ್ಕಿತ್ತು. ಅಕ್ಕನ ಮನೆಗೆ ಹೋದೆ. ಅವಳು ಬಾಗಿಲಲ್ಲೇ ಬುಟ್ಟಿಗೆ ಕೈ ಚಾಚಿದಳು.

"ಈ ಸಲ ಬುಟ್ಟಿ ತುಂಬ ತಂದಿಯೇನೋ ತಮ್ಮಾ?" ಎಂದಳು. ಮುಚ್ಚಳ ತೆಗೆದಳು. "ಇದನ್ನ ಎಲ್ಲಿಂದ ಓದಬೇಕೋ?"

ಎಲ್ಲ ಹೇಳಿದೆ. ಕಂದೀಲಿನ ಮುಂದೆ ಕೂತು ಅವಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಖೋಲಿ ಹೋದ್ರ ನನಗ ಪುಸ್ತಕ ಬರಂಗಿಲ್ಲಲ್ಲೋ. ನಸುಕಿನಾಗೇ ಬಂಡಿ ಹಿಡಿ," ಎಂದಳು. ಮೋಟಾರಿನಲ್ಲಿ ಬೆಕ್ಕು ನನ್ನ ಮುಂಗೈ ಪರಚಿತ್ತು, ಅವಳು ಅರಿಷಿಣ ಹಚ್ಚಿದಳು ಎಂದು ನನ್ನ ನೆನಪು. ಕಲೆ ಈಗಲೂ ಇದೆ. ಅದು ಚಿಕ್ಕಂದಿನಲ್ಲಿ ಕುಡಗೋಲು ತಾಗಿದ ಕಲೆ, ಬೆಕ್ಕು ಅವತ್ತು ತನ್ನ ತೊಡೆಯ ಮೇಲೆ ಮಲಗಿ ಗುರುಗುಡುತ್ತಿತ್ತು, ಯಾರನ್ನೂ ಪರಚಿಲ್ಲ ಎಂದು ಅಕ್ಕ ಆಣೆ ಮಾಡುತ್ತಾಳೆ.

ಬೀದರಕ್ಕೆ ಬೆಕ್ಕು ಬಂದ ಸುದ್ದಿ ನನಗಿಂತ ಮೊದಲು ಚೌಬಾರಾ ಮುಟ್ಟಿತ್ತು. ಮೂವರೂ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಸಾವಕಾರರು ನನ್ನ ಕೈ ಹಿಡಿದು, "ನೀವೂ ನಮ್ಮ ಮಂದಿನೇ ಅಂತ ನನಗ ಮೊದಲೇ ಗೊತ್ತಿತ್ರಿ" ಎಂದರು. ಅದಕ್ಕಿಂತ ದೊಡ್ಡ ಅವಮಾನ ನನಗೆ ಜೀವನದಲ್ಲಿ ಆಗಿಲ್ಲ. ನಾನು ಒಂದೇ ಕರಾರು ಹಾಕಿದೆ: ಬೆಕ್ಕಿನ ಹತ್ತಿರ ಕೂಡುವವರು ಕಪಾಟಿನಿಂದ ಒಂದು ಪುಸ್ತಕ ತೆಗೆದು ಕೈಯಲ್ಲಿ ಹಿಡಿದಿರಬೇಕು. ಒಪ್ಪಿದರು. ಬೆಕ್ಕಿಗಾಗಿ ಅವರು ಕನ್ನಡವನ್ನೂ ಸಹಿಸಲು ತಯಾರಿದ್ದರು.

ಎರಡು ದಿನ ಬಿಟ್ಟು ದೋಯಂ ಸಾಹೇಬರು ಬಂದರು. ಕೋಣೆ ಕಿಕ್ಕಿರಿದಿತ್ತು. ಎಲ್ಲರ ಕೈಯಲ್ಲಿ ಪುಸ್ತಕ, ಎಲ್ಲರ ಕಣ್ಣು ಬೆಕ್ಕಿನ ಮೇಲೆ. ಬೆಕ್ಕು ಹೊಸ ಜರೀದಾ ಹುಡುಕಿ ಅದರ ಮೇಲೆ ಮಲಗಿತ್ತು. ಸಾಹೇಬರು ಸುತ್ತ ನೋಡಿದರು, ಬೆಕ್ಕನ್ನು ನೋಡಿದರು, ನನ್ನನ್ನು ನೋಡಿದರು. ಜರೀದಾದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಲು ಹೋಗಿ ಕೈಬಿಟ್ಟರು. ಕೋಣೆ ಇರಲಿ ಎಂದು ಹೇಳಿ ಮೆಟ್ಟಿಲಿಳಿದರು. ಅಬಕಾರಿಯವರು ಮತ್ತೆ ಅಳತೆಗೆ ಬರಲಿಲ್ಲ.

ಅಕ್ಕ ಕೇಳಿದ್ದ ಪುಸ್ತಕವನ್ನು ಅವತ್ತೇ ಒಯ್ಯಬೇಕೆಂದು ನಾನು ಮೊದಲೇ ತೆಗೆದು ಮೇಜಿನ ಮೇಲೆ ಇಟ್ಟಿದ್ದೆ. ಸಾಹೇಬರನ್ನು ಕಳಿಸಿ ಮೇಲೆ ಬಂದರೆ ಬೆಕ್ಕು ಜರೀದಾ ಬಿಟ್ಟು ಆ ಪುಸ್ತಕದ ಮೇಲೆ ಸುರುಳಿ ಸುತ್ತಿಕೊಂಡಿತ್ತು. ರೈಲಿಗೆ ಹೊತ್ತಾಗಿತ್ತು. ನಾನು ಕೈ ಚಾಚಿದೆ.

"ಏಳೋತನಕ ತಡೀರಿ, ಬೀಯೇ ಸಾಹೇಬ್ರ," ಎಂದು ಮೂವರೂ ಒಟ್ಟಿಗೆ ಪಿಸುಗುಟ್ಟಿದರು.

ನಾನು ಕೈ ಹಿಂದಕ್ಕೆ ತೆಗೆದುಕೊಂಡು ಕುರ್ಚಿ ಎಳೆದು ಕೂತೆ. ರೈಲಿನ ಶಿಳ್ಳೆ ಕೇಳಿಸಿತು, ರೈಲು ಹೋಯಿತು, ಅದು ಏಳಲಿಲ್ಲ. ಅಕ್ಕನನ್ನು ಕೇಳಿದರೆ ಪುಸ್ತಕ ಅವತ್ತೇ ಸಂಜೆ ಭಾಲ್ಕಿಗೆ ಬಂತು, ನೀನೇ ತಂದುಕೊಟ್ಟೆ ಎನ್ನುತ್ತಾಳೆ. ಇರಬಹುದು. ಹಾಗಿದ್ದರೆ ಬೆಕ್ಕಿಗಾಗಿ ಕಾಯುತ್ತ ಕೂತ ಆ ಮನುಷ್ಯ ನಾನಲ್ಲ ಎಂದಾಗುತ್ತದೆ. ಅಕ್ಕ ಹೇಳುವುದರಲ್ಲಿ ನಾನು ನಂಬಲು ಇಷ್ಟಪಡುವುದು ಇದೊಂದನ್ನೇ.